ಕಮಿಷನ್ ದೊಡ್ಡದಿದ್ದರೆ ಲಾಭವೂ ದೊಡ್ಡದೇ?

ತುಮಕೂರಿನಿಂದ ಬೆಂಗಳೂರಿನ ಕಡೆ ಹೊರಟವರಿಗೆ ಹೆದ್ದಾರಿ ಬದಿಯಲ್ಲಿ ಸಿಗುವ ಹಿರೇಹಳ್ಳಿ ಕಾರ್ಖಾನೆಗಳ ಊರೆಂದೇ ಪರಿಚಿತ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವೂ ಅಲ್ಲಿದೆ. ಗುಬ್ಬಿ ತಾಲ್ಲೂಕು ಚೇಳೂರಿನ ಕೆಂಪು ತೊಳೆಯ ‘ಸಿದ್ದು’ ಹಲಸು ನಾಡಿಗೆ ಪರಿಚಯವಾದದ್ದು ಈ ಕೇಂದ್ರದ ಮೂಲಕವೇ. 2017ರ ಒಪ್ಪಂದದ ಪ್ರಕಾರ ಕಸಿ ಗಿಡ ಮಾರಿ ಬಂದ ಹಣದಲ್ಲಿ ಶೇ. 75 ಪಾಲು ಮರದ ಒಡೆಯ ಎಸ್.ಎಸ್. ಪರಮೇಶ್ ಅವರಿಗೆ ಸೇರಬೇಕು.

ಅಷ್ಟು ದೊಡ್ಡ ಪಾಲು ಅವರ ಕೈಯಲ್ಲಿ ಉಳಿಯುವುದಕ್ಕೆ ಕಾರಣವಿದೆ. ಹಣ್ಣಿನ ಸುದ್ದಿ ಕೇಳಿದ ರೈತರು ತಾವಾಗಿಯೇ ಗಿಡ ಹುಡುಕಿಕೊಂಡು ಬಂದರು. ಬಂದ ಒಬ್ಬೊಬ್ಬರಿಗೂ ಹಣ ತೆತ್ತು ಕರೆಸಬೇಕಾಗಿರಲಿಲ್ಲ. ಅಫಿಲಿಯೇಟ್ ಮಾರಾಟಕ್ಕೆ ಕೈಹಾಕುವ ಯುವಕರು ಎಡವುವುದು ಇಲ್ಲಿಯೇ. ಬೇರೆಯವರ ಸಾಮಾನಿನ ಲಿಂಕ್ ಹಂಚಿ, ಖರೀದಿಯಾದರೆ ಕಮಿಷನ್ ಪಡೆಯುವ ಈ ಪದ್ಧತಿಯನ್ನು ಅಮೆಜಾನ್ 1996ರಲ್ಲೇ ಅಳವಡಿಸಿಕೊಂಡಿತು. ಲಿಂಕಿಗೆ ಜನರನ್ನು ಜಾಹೀರಾತು ಕೊಟ್ಟು ಕರೆತಂದರೆ ಪ್ರತಿ ಕ್ಲಿಕ್‌ಗೂ ದುಡ್ಡು ಬೀಳುತ್ತದೆ. ಆದ್ದರಿಂದ ‘ಕಮಿಷನ್ ಜಾಸ್ತಿಯಿದ್ದರೆ ಲಾಭ ಗ್ಯಾರಂಟಿ’ ಎಂಬ ನಂಬಿಕೆ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಬಹುದು. ತೆಂಗು, ಅಡಿಕೆ ತೋಟದ ಹುಲ್ಲು ಸವರುವ ಬ್ರಷ್ ಕಟರ್ 9,000 ರೂ., ಕಮಿಷನ್ ಶೇ. 5, ಅಂದರೆ 450 ರೂ. ಎಂದಿಟ್ಟುಕೊಳ್ಳೋಣ. ಕ್ಲಿಕ್‌ಗೆ 4 ರೂ.ನಂತೆ 1,000 ಕ್ಲಿಕ್ ಬಂದು, ನೂರಕ್ಕೊಬ್ಬರು ಕೊಂಡರೆ 10 ಮಾರಾಟ. ಕಮಿಷನ್ 4,500, ಜಾಹೀರಾತಿನ ಖರ್ಚು 4,000. ಮೊಬೈಲ್ ಪರದೆಯಲ್ಲಿ 500 ರೂ. ಲಾಭ ಕಾಣುತ್ತದೆ. ಆದರೆ ಜಾಹೀರಾತಿನ ಮೇಲೆ ಶೇ. 18 ಜಿಎಸ್‌ಟಿ ಇದೆ. ನೋಂದಣಿ ಇಲ್ಲದವರಿಗೆ ಆ ಹಣ ವಾಪಸ್ ಸಿಗದು. ಖರ್ಚು 4,720ಕ್ಕೆ ಏರಿತು. ಹತ್ತರಲ್ಲಿ ಎರಡು ಯಂತ್ರ ಹಿಂದಿರುಗಿದರೆ ಅವುಗಳ ಕಮಿಷನ್ ರದ್ದಾಗುತ್ತದೆ, ಉಳಿಯುವುದು 3,600. ಲಾಭವೆಂದು ಕಂಡದ್ದು 1,120 ರೂ. ನಷ್ಟ!

ಅದೇ 4 ರೂ. ಕ್ಲಿಕ್‌ನಲ್ಲಿ 150 ರೂ. ಮಾತ್ರ ಕಮಿಷನ್ ಕೊಡುವ, ಆದರೆ ನೂರಕ್ಕೆ ನಾಲ್ವರು ಕೊಂಡು ಇಟ್ಟುಕೊಳ್ಳುವ ಸಣ್ಣ ಸಾಮಾನು ಕ್ಲಿಕ್‌ಗೆ 6 ರೂ. ತರುತ್ತದೆ. ತೂಗಿ ನೋಡಬೇಕಾದದ್ದು ಒಂದು ಕ್ಲಿಕ್ ತರುವ ಹಣವನ್ನು, ಅದೂ ವಾಪಸ್ ಅವಧಿ ಮುಗಿದ ಮೇಲೆ.

ಇನ್ನೊಂದು ತಪ್ಪೂ ಜನರನ್ನು ಕಾಡುತ್ತದೆ: ಐವತ್ತು ಕ್ಲಿಕ್ ನೋಡಿ ತೀರ್ಪು ಕೊಡುವುದು. ಮೊದಲ ದಿನವೇ ಎರಡು ಮಾರಾಟವಾದರೆ ಚಿನ್ನದ ಗಣಿ, ಒಂದೂ ಆಗದಿದ್ದರೆ ದಂಡ ಎಂಬ ಆತುರ ಅದು. ನಿಜವಾಗಿ ನೂರಕ್ಕೊಬ್ಬರು ಕೊಳ್ಳುವ ಸಾಮಾನೇ ಆದರೂ ಮೊದಲ 100 ಕ್ಲಿಕ್‌ನಲ್ಲಿ ಒಂದೂ ಮಾರಾಟವಾಗದಿರುವ ಸಾಧ್ಯತೆ ಸುಮಾರು ಶೇ. 37. 300 ಕ್ಲಿಕ್ ಆಗುವಷ್ಟರಲ್ಲಿ ಆ ಸಾಧ್ಯತೆ ಸುಮಾರು ಶೇ. 5ಕ್ಕೆ ಇಳಿಯುತ್ತದೆ; ಆಗಲೂ ಖಾತೆ ಸೊನ್ನೆಯಲ್ಲೇ ಇದ್ದರೆ ನಿಲ್ಲಿಸುವುದು ವಿವೇಕ. ಮೇಲಿನ ದರದಲ್ಲಿ ಆ ಪರೀಕ್ಷೆಗೆ ಜಿಎಸ್‌ಟಿ ಸೇರಿ ತಗಲುವುದು 1,416 ರೂ. ಅಷ್ಟನ್ನು ಕಳೆದುಕೊಳ್ಳಲು ಸಿದ್ಧರಿಲ್ಲದವರು ಜಾಹೀರಾತು ಆರಂಭಿಸಲೇಬಾರದು.

ಕ್ಲಿಕ್ ಸುರಿದರೆ ಬೇಡಿಕೆ ಇದೆ ಎಂದೂ ಅಲ್ಲ. ಕುಣಿಗಲ್ಲಿನ ತೋಟದ ಯಜಮಾನರು ಯಂತ್ರದ ವಿಡಿಯೊ ನೋಡಿ ಕ್ಲಿಕ್ ಮಾಡುತ್ತಾರೆ, ಬೆಲೆ ತಿಳಿದುಕೊಳ್ಳುತ್ತಾರೆ. ಆಮೇಲೆ ತುಮಕೂರಿನ ಅಂಗಡಿಗೇ ಹೋಗಿ ಚಾಲೂ ಮಾಡಿಸಿ ನೋಡಿ, ಬಿಡಿಭಾಗ ಸಿಗುತ್ತದೆಯೇ ಎಂದು ವಿಚಾರಿಸಿ ಕೊಳ್ಳಬಹುದು. ರಿಪೇರಿ ಬೇಡುವ ಸಾಮಾನಿನಲ್ಲಿ ಅದೇ ಜಾಣತನ. ಆ ಮಾರಾಟದ ಕಮಿಷನ್ ಮಾತ್ರ ಜಾಹೀರಾತು ಕೊಟ್ಟವರಿಗೆ ಬಾರದು.

ಯಾವ ಲಿಂಕನ್ನಾದರೂ ಎಲ್ಲಿ ಬೇಕಾದರೂ ಜಾಹೀರಾತು ಮಾಡಬಹುದು ಎಂಬುದೂ ಸುಳ್ಳು. ಸರ್ಚ್ ಜಾಹೀರಾತು ಕೊಂಡು ಜನರನ್ನು ನೇರ ಅಮೆಜಾನ್ ಪುಟಕ್ಕೆ ಕಳಿಸುವುದನ್ನು ಅದರ ಅಫಿಲಿಯೇಟ್ ಯೋಜನೆಯಾದ ‘ಅಸೋಸಿಯೇಟ್ಸ್’ನ ಷರತ್ತುಗಳು ನಿಷೇಧಿಸುತ್ತವೆ. ಮಾರಾಟವಾದರೂ ಕಮಿಷನ್ ಕೈತಪ್ಪುತ್ತದೆ. ಇನ್ನು ಕಮಿಷನ್‌ನಲ್ಲಿ ಮುರಿದುಕೊಳ್ಳುವ ಟಿಡಿಎಸ್ ನಷ್ಟವಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ.

ದಿನಕ್ಕೆ 200 ರೂ. ಹಾಕಿ ಲಾಭ ಕಂಡವರು 2,000 ಹಾಕಿದರೆ ಹತ್ತು ಪಟ್ಟು ಬರುತ್ತದೆಂದು ಭಾವಿಸುತ್ತಾರೆ. ಆದರೆ ಕೊಳ್ಳುವ ಮನಸ್ಸಿದ್ದವರು ಮೊದಲು ಸಿಕ್ಕಿರುತ್ತಾರೆ. ಮುಂದಿನವರನ್ನು ತಲುಪುವುದು ದುಬಾರಿಯಾಗುತ್ತಾ ಹೋಗಬಹುದು. ಬ್ರಷ್ ಕಟರ್ ಲೆಕ್ಕದಲ್ಲಿ ವಾಪಸಾದವು ಕಳೆದು ಒಂದು ಮಾರಾಟಕ್ಕೆ ಸರಾಸರಿ ಉಳಿಯುವುದು 360 ರೂ. ಕ್ಲಿಕ್‌ಗೆ 4 ರೂ. ಮತ್ತು ಅದರ ಜಿಎಸ್‌ಟಿ ಇದ್ದಾಗ ಅಸಲು ಹುಟ್ಟಲು 76 ಕ್ಲಿಕ್‌ಗೆ ಒಂದು ಮಾರಾಟ ಬೇಕು. ದರ 5 ರೂ.ಗೆ ಏರಿದರೆ ಜಿಎಸ್‌ಟಿ ಸೇರಿ 5.90 ರೂ.; ಆಗ 61 ಕ್ಲಿಕ್‌ನೊಳಗೇ ಒಂದು ಮಾರಾಟ ಆಗಬೇಕಾಗುತ್ತದೆ.