ಗದ್ದಲದೊಳಗಿನ ನಗೆ

ಬೆಳ್ಳಿತೆರೆಯ ಮೇಲೆ ಉದ್ದಗೂದಲಿನ ಗಿಟಾರ್ ವಾದಕನೊಬ್ಬನು ತನ್ನ ಆಂಪ್ಲಿಫೈಯರನ್ನು ಹೆಮ್ಮೆಯಿಂದ ತೋರಿಸುತ್ತಿದ್ದಾನೆ. ಲೋಕದ ಆಂಪ್ಲಿಫೈಯರುಗಳ ಗುಂಡಿಗಳೆಲ್ಲ ಹತ್ತಕ್ಕೆ ನಿಂತರೆ ಇವನದು ಹನ್ನೊಂದರವರೆಗೆ ತಿರುಗುತ್ತದೆ! ಹತ್ತನ್ನೇ ಇನ್ನಷ್ಟು ಜೋರು ಮಾಡಿದರಾಗದೆ ಎಂದು ಕೇಳಿದರೆ, ಅವನು ಕ್ಷಣಕಾಲ ಗಂಭೀರವಾಗಿ ಯೋಚಿಸಿ, ಇದು ಹನ್ನೊಂದಕ್ಕೆ ಹೋಗುತ್ತದೆಂದು ಪುನಃ ಸಾರುತ್ತಾನೆ. ೧೯೮೪ರಲ್ಲಿ ತೆರೆಕಂಡ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಎಂಬ ಅಮೆರಿಕನ್ ಚಿತ್ರದ ಈ ಪ್ರಸಂಗ ಇಂದಿಗೂ ನೆನೆದವರನ್ನು ನಗಿಸುತ್ತದೆ.

ಆದರೆ ಸ್ಪೈನಲ್ ಟ್ಯಾಪಿನ ನಿಜವಾದ ಸವಿಯನ್ನು ಕಾಣಬೇಕಾದರೆ ಚಿತ್ರವೊಂದೇ ಸಾಲದೆನ್ನುವ ರಸಿಕರಿದ್ದಾರೆ. ಈ ವೃಂದ ಜನರೆದುರು ಹಾಡಿದ ರಾತ್ರಿಗಳ ಅಪೂರ್ವ ಧ್ವನಿಮುದ್ರಿಕೆಗಳನ್ನು ಹುಡುಕಿ ಕೇಳುವುದೇ ಅವರ ಹವ್ಯಾಸ. ಹಾಡು ಒಂದೇ, ವಿನೋದವೂ ಒಂದೇ. ಹಾಗಿದ್ದರೆ ಮತ್ತೆ ಮತ್ತೆ ಕೇಳುವುದೇತಕ್ಕೆ?

ಹುಸಿಯ ವೃಂದ, ನಿಜದ ಹಾಡು

ಹೆವಿ ಮೆಟಲ್ ಎಂಬುದು ವಿದ್ಯುತ್ ಗಿಟಾರುಗಳ ಆರ್ಭಟದ ಸಂಗೀತ. ಚರ್ಮದ ಉಡುಪು, ಹೊಗೆ, ಬೆಂಕಿ, ಭೂತಪ್ರೇತಗಳ ಚಿತ್ರಗಳು, ಎಲ್ಲವೂ ಅದರ ಅಲಂಕಾರ. ಇಷ್ಟೊಂದು ಗಾಂಭೀರ್ಯವಿರುವಲ್ಲಿ ಹಾಸ್ಯಕ್ಕೆ ಎಡೆ ಇಲ್ಲದಿರುವುದುಂಟೆ?

ಸ್ಪೈನಲ್ ಟ್ಯಾಪ್ ಇಂಗ್ಲೆಂಡಿನ ಹಳೆಯ ವೃಂದವೆಂದು ಚಿತ್ರ ಹೇಳುತ್ತದೆ. ವಾಸ್ತವವಾಗಿ ಅದು ಕ್ರಿಸ್ಟೋಫರ್ ಗೆಸ್ಟ್, ಮೈಕೆಲ್ ಮೆಕೀನ್, ಹ್ಯಾರಿ ಶಿಯರರ್ ಎಂಬ ಮೂವರು ಅಮೆರಿಕದ ನಟರು ಹೂಡಿದ ವೇಷ. ೧೯೭೯ರ ಒಂದು ದೂರದರ್ಶನ ಕಾರ್ಯಕ್ರಮದಲ್ಲಿ ಮೊದಲು ಕಾಣಿಸಿಕೊಂಡ ಈ ವೇಷವನ್ನು ನಿರ್ದೇಶಕ ರಾಬ್ ರೈನರ್ ಐದು ವರ್ಷಗಳ ಬಳಿಕ ಸಾಕ್ಷ್ಯಚಿತ್ರದ ಸೋಗಿನಲ್ಲಿ ತೆರೆಗೆ ತಂದರು. ಸಂಭಾಷಣೆಯ ಬಹುಪಾಲನ್ನು ನಟರು ಆಗಿಂದಾಗಲೇ ಹೊಸೆದರು. ಯಾರೂ ಕೇಳರಿಯದ ವೃಂದವೊಂದರ ಮೇಲೆ ಸಾಕ್ಷ್ಯಚಿತ್ರವೇಕೆ ತೆಗೆದಿರಿ ಎಂದು ಕೆಲವರು ರೈನರರನ್ನೇ ಕೇಳಿದ್ದುಂಟು! ೨೦೦೨ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿತು.

ಇಲ್ಲೊಂದು ಮರ್ಮವಿದೆ. ವೇಷ ಹುಸಿಯಾದರೂ ಸಂಗೀತ ಹುಸಿಯಲ್ಲ. ಹಾಡುಗಳನ್ನು ಕಟ್ಟಿದವರೂ ಹಾಡಿದವರೂ ವಾದ್ಯ ನುಡಿಸಿದವರೂ ಆ ನಟರೇ. ಆದುದರಿಂದಲೇ ಚಿತ್ರ ಮುಗಿದ ಮೇಲೂ ವೃಂದ ಮುಗಿಯಲಿಲ್ಲ. ೧೯೮೪ರಲ್ಲೇ ಅವರು ನ್ಯೂಯಾರ್ಕಿನ ಸಿಬಿಜಿಬಿ ಎಂಬ ಹೆಸರಾಂತ ಕ್ಲಬ್ಬಿನಲ್ಲಿ ನಿಜವಾದ ಶ್ರೋತೃಗಳ ಮುಂದೆ ನಿಂತರು. ೧೯೯೨ರಲ್ಲಿ ‘ಬ್ರೇಕ್ ಲೈಕ್ ದ ವಿಂಡ್’ ಎಂಬ ಹೊಸ ಮುದ್ರಿಕೆಯೊಡನೆ ಪ್ರವಾಸ ಹೊರಟು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲೂ ಹಾಡಿದರು. ಅದೇ ವರ್ಷ ಏಪ್ರಿಲ್ ೨೦ರಂದು ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಸ್ಮರಣಾರ್ಥ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಮಹಾಸಭೆಯಲ್ಲಿ, ಲೋಕದ ದೊಡ್ಡ ದೊಡ್ಡ ಗಾಯಕರ ಸಾಲಿನಲ್ಲಿ ಈ ಕಲ್ಪಿತ ಗಾಯಕರಿಗೂ ಸ್ಥಾನ ದೊರೆಯಿತು.

ಕ್ಯಾಸೆಟ್ಟಿನಲ್ಲಿ ಉಳಿದ ಸಭೆ

ಸಂಗೀತ ಸಭೆಗಳ ಅಪರೂಪದ ಮುದ್ರಣಗಳಲ್ಲಿ ಮುಖ್ಯವಾಗಿ ಮೂರು ಬಗೆ. ರೇಡಿಯೋದಲ್ಲಿ ಬಿತ್ತರವಾದುದನ್ನು ಮನೆಯಲ್ಲಿ ಹಿಡಿದಿಟ್ಟುಕೊಂಡದ್ದು ಒಂದು. ವೇದಿಕೆಯ ಮೈಕುಗಳೆಲ್ಲ ಬಂದು ಕೂಡುವ ಧ್ವನಿಫಲಕದಿಂದ ನೇರವಾಗಿ ಪಡೆದದ್ದು ಇನ್ನೊಂದು. ಪ್ರೇಕ್ಷಕನೊಬ್ಬನು ಸಣ್ಣ ಯಂತ್ರವನ್ನು ಕೋಟಿನಲ್ಲಿ ಅಡಗಿಸಿ ತಂದು, ಕುಳಿತಲ್ಲಿಂದಲೇ ಮುದ್ರಿಸಿದ್ದು ಮೂರನೆಯದು. ೧೯೮೦ರ ದಶಕದಲ್ಲಿ ಹೆವಿ ಮೆಟಲ್ ಪ್ರಿಯರು ಇಂಥ ಕ್ಯಾಸೆಟ್ಟುಗಳನ್ನು ಅಂಚೆಯ ಮೂಲಕ ದೇಶದಿಂದ ದೇಶಕ್ಕೆ ವಿನಿಮಯ ಮಾಡಿಕೊಳ್ಳುತ್ತಿದ್ದರು. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ‘ಸ್ಸ್’ ಎಂಬ ಸದ್ದು ಬೆಳೆದು ಹಾಡು ಸೊರಗುತ್ತಿತ್ತು.

ಸಾಮಾನ್ಯ ವೃಂದಗಳ ಮಟ್ಟಿಗೆ ಸಂಗ್ರಾಹಕರು ಧ್ವನಿಫಲಕದ ಮುದ್ರಣವನ್ನೇ ಶ್ರೇಷ್ಠವೆನ್ನುತ್ತಾರೆ. ಅಲ್ಲಿ ಪ್ರತಿ ತಂತಿಯೂ ಸ್ಪಷ್ಟ. ಹಾಸ್ಯವೃಂದದ ವಿಷಯದಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಧ್ವನಿಫಲಕಕ್ಕೆ ಗಾಯಕನ ಮಾತು ಕೇಳುತ್ತದೆ, ಸಭೆಯ ನಗು ಚೆನ್ನಾಗಿ ಕೇಳಿಸದು. ನಗುವಿಲ್ಲದ ನಗೆಮಾತು ಉಪ್ಪಿಲ್ಲದ ಅಡಿಗೆ. ಎಲ್ಲೋ ಹಿಂದಿನ ಸಾಲಿನಲ್ಲಿ ಕುಳಿತು ಮುದ್ರಿಸಿದ ಮಂಕು ಸುರುಳಿಯಲ್ಲಾದರೋ, ಪಕ್ಕದವನ ಕೆಮ್ಮು, ಮುಂದಿನವಳ ಉದ್ಗಾರ, ಅರ್ಥವಾದವರು ಮೊದಲು ನಕ್ಕು ಆಗದವರು ಆಮೇಲೆ ನಗುವ ಅಲೆ, ಎಲ್ಲವೂ ಇರುತ್ತವೆ.

ಚಿತ್ರದಲ್ಲಿ ಸ್ಟೋನ್‌ಹೆಂಜಿನ ಪುರಾತನ ಶಿಲೆಗಳ ಮೇಲೊಂದು ಭವ್ಯ ಗೀತೆ ಬರುತ್ತದೆ. ಅದಕ್ಕಾಗಿ ೧೮ ಅಡಿಯ ಕಲ್ಲಿನ ಮಾದರಿ ಮಾಡಿಸಬೇಕಿತ್ತು. ನಕ್ಷೆ ಬರೆದವನು ಅಡಿಯ ಗುರುತಿಗೆ ಬದಲು ಅಂಗುಲದ ಗುರುತು ಹಾಕಿದ್ದರಿಂದ ವೇದಿಕೆಗೆ ೧೮ ಅಂಗುಲದ ಕಲ್ಲು ಇಳಿಯುತ್ತದೆ! ಚಿತ್ರ ನೋಡಿ ಬಂದ ಸಭೆಗೆ ಈ ಕಥೆ ಗೊತ್ತು. ಆದುದರಿಂದ ಹಾಡಿನ ಮೊದಲ ಸ್ವರ ಕೇಳಿದೊಡನೆಯೇ, ಕಲ್ಲು ಕಾಣುವ ಮೊದಲೇ ಸಭೆ ನಗತೊಡಗುತ್ತದೆ. ಕಣ್ಣಿಗೆ ಸೇರಿದ ವಿನೋದವೊಂದು ಕಿವಿಗೆ ದಾಟುವುದು ಹೀಗೆ.

ಮೂವರೂ ಬೇಸ್ ಗಿಟಾರನ್ನೇ ಹಿಡಿದು ನುಡಿಸುವ ಇನ್ನೊಂದು ಹಾಡಿದೆ. ೨೦೦೭ರ ಜುಲೈ ೭ರಂದು ವೆಂಬ್ಲಿಯಲ್ಲಿ ನಡೆದ ಲೈವ್ ಅರ್ಥ್ ಸಭೆಯಲ್ಲಿ ಅವರು ಅಂದು ಬಂದಿದ್ದ ಇತರ ವೃಂದದವರನ್ನೂ ವೇದಿಕೆಗೆ ಕರೆದರು. ಹೆವಿ ಮೆಟಲಿನ ದಿಗ್ಗಜರಾದ ಮೆಟಾಲಿಕಾದವರೂ ಬೇಸ್ ಹಿಡಿದು ಬಂದು ನಿಂತರು. ಅಪಹಾಸ್ಯಕ್ಕೆ ಗುರಿಯಾದವರೇ ಅಪಹಾಸ್ಯ ಮಾಡುವವರೊಡನೆ ಸೇರಿ ನುಡಿಸಿದ ಗಳಿಗೆಯದು. ಎರಡು ವರ್ಷಗಳ ಮೇಲೆ, ೨೦೦೯ರ ಜೂನ್ ೩೦ರಂದು, ಅದೇ ವೆಂಬ್ಲಿಯ ಅರೀನಾದಲ್ಲಿ ನಡೆದ ಏಕೈಕ ಕಾರ್ಯಕ್ರಮಕ್ಕೆ ಅವರಿಟ್ಟ ಹೆಸರು ‘ಒಂದೇ ರಾತ್ರಿಯ ವಿಶ್ವಪ್ರವಾಸ’!

ಸೀಸೆಗಳ ಮಳೆ

ಸಭೆಯೆಲ್ಲ ಹೀಗೆ ಒಲಿಯುವುದೆಂಬ ಭರವಸೆಯಿಲ್ಲ. ಸ್ಪೈನಲ್ ಟ್ಯಾಪ್ ಚಿತ್ರಕ್ಕೆ ಒಂದು ವರ್ಷ ಮೊದಲೇ, ೧೯೮೩ರಲ್ಲಿ, ಬ್ರಿಟನ್ನಿನ ಚಾನೆಲ್ ಫೋರ್ ‘ಬ್ಯಾಡ್ ನ್ಯೂಸ್ ಟೂರ್’ ಎಂಬ ವಿನೋದಚಿತ್ರವನ್ನು ಬಿತ್ತರಿಸಿತು. ಏಡ್ ಎಡ್ಮಂಡ್‌ಸನ್, ರಿಕ್ ಮೇಯಲ್, ನೈಜೆಲ್ ಪ್ಲಾನರ್, ಪೀಟರ್ ರಿಚರ್ಡ್‌ಸನ್ ಎಂಬ ನಾಲ್ವರು ನಟರು, ನುಡಿಸಲು ಬಾರದೆ ಸದಾ ಜಗಳವಾಡುವ ಒಂದು ಹೆವಿ ಮೆಟಲ್ ವೃಂದವಾಗಿ ಅದರಲ್ಲಿ ಅಭಿನಯಿಸಿದರು. ೧೯೮೬ರ ಆಗಸ್ಟಿನಲ್ಲಿ ಡಾನಿಂಗ್ಟನ್ನಿನ ‘ಮಾನ್‌ಸ್ಟರ್ಸ್ ಆಫ್ ರಾಕ್’ ಉತ್ಸವದ ವೇದಿಕೆಯನ್ನು ಈ ವೃಂದ ಏರಿಯೇಬಿಟ್ಟಿತು.

ನೆರೆದ ಜನಸ್ತೋಮ ಸೀಸೆಗಳಿಂದ ಸ್ವಾಗತಿಸಿತು. ಸೀಸೆ ಎಸೆಯುವುದು ಅಲ್ಲಿನ ಜಾತ್ರೆಯ ವಾಡಿಕೆಯೇ ಆಗಿತ್ತೆಂಬುದು ನಿಜ. ಆದರೂ ತಮ್ಮ ಪ್ರಿಯ ಸಂಗೀತವನ್ನು ಅಣಕಿಸಲು ಬಂದವರ ಮೇಲೆ ಅದು ಧಾರಾಳವಾಗಿಯೇ ಸುರಿಯಿತು. ಅಂದಿನ ದೃಶ್ಯಗಳು ೧೯೮೮ರ ‘ಮೋರ್ ಬ್ಯಾಡ್ ನ್ಯೂಸ್’ ಚಿತ್ರದಲ್ಲಿ ಸೇರಿವೆ. ಸೋಲುವ ವೃಂದದ ಪಾತ್ರ ವಹಿಸಿದವರು ನಿಜವಾಗಿಯೂ ಸೋಲಿನ ಮುಂದೆ ನಿಂತಿದ್ದರು. ಎಲ್ಲಿ ಅಭಿನಯ ಮುಗಿದು ಎಲ್ಲಿ ಭಯ ತೊಡಗಿತೆಂದು ಬಿಡಿಸುವುದು ಕಷ್ಟ. ಆದರೂ ಅವರು ವೇಷ ಕಳಚಲಿಲ್ಲ. ಮರುವರ್ಷ ಕ್ವೀನ್ ವೃಂದದ ಗಿಟಾರ್ ವಾದಕ ಬ್ರಯನ್ ಮೇ ಅವರ ನಿರ್ಮಾಣದಲ್ಲೇ ಇವರ ಮುದ್ರಿಕೆ ಹೊರಬಂದಿತು. ಅದರಲ್ಲಿ ಹಾಡಿನಷ್ಟೇ ಜಗಳಕ್ಕೂ ಜಾಗವಿದೆ!

ಸವೆಯುವ ಸುರುಳಿ

ಅನುಮತಿಯಿಲ್ಲದೆ ಮುದ್ರಿಸಿದ್ದನ್ನು ಮಾರಿ ಹಣ ಮಾಡಿದರೆ ಅದು ಕಲಾವಿದರ ಅನ್ನಕ್ಕೆ ಕೈ ಹಾಕಿದಂತೆ. ಅದಕ್ಕೇ ಸಹೃದಯ ಸಂಗ್ರಾಹಕರು ವಿನಿಮಯಕ್ಕೆ ಒಪ್ಪುತ್ತಾರೆ, ಮಾರಾಟಕ್ಕೆ ಒಪ್ಪುವುದಿಲ್ಲ. ಅಧಿಕೃತ ಮುದ್ರಿಕೆ ದೊರೆತಾಗ ಹಣ ಕೊಟ್ಟು ಕೊಳ್ಳುವವರಲ್ಲಿ ಅವರೇ ಮೊದಲಿಗರು. ಆದರೆ ಅಧಿಕೃತವಾಗಿ ಯಾರೂ ಹಿಡಿದಿಡದ ರಾತ್ರಿಗಳಿಗೆ ಆ ಮಂಕು ಕ್ಯಾಸೆಟ್ಟೇ ಸಾಕ್ಷಿ. ಕ್ಯಾಸೆಟ್ಟಿಗಾದರೂ ಆಯುಸ್ಸಿದೆ. ಕಾಂತಲೇಪನ ಉದುರುತ್ತದೆ, ಪಟ್ಟಿ ಜಗ್ಗುತ್ತದೆ. ಸಕಾಲದಲ್ಲಿ ಪ್ರತಿ ತೆಗೆಯದಿದ್ದರೆ ಆ ರಾತ್ರಿ ಅಳಿದಂತೆಯೇ.

ಮನುಷ್ಯರ ಆಯುಸ್ಸೂ ಹಾಗೆಯೇ. ಡಾನಿಂಗ್ಟನ್ನಿನಲ್ಲಿ ಸೀಸೆಗಳಿಗೆ ಎದೆಗೊಟ್ಟ ರಿಕ್ ಮೇಯಲ್ ೨೦೧೪ರಲ್ಲಿ ತೀರಿಕೊಂಡರು. ಸ್ಪೈನಲ್ ಟ್ಯಾಪಿನ ಎರಡನೆಯ ಚಿತ್ರ ೨೦೨೫ರಲ್ಲಿ ತೆರೆಗೆ ಬಂದಾಗ ಮೂವರು ನಟರೂ ಎಪ್ಪತ್ತೈದನ್ನು ದಾಟಿದ್ದರು. ಹಳೆಯ ಸುರುಳಿಗಳಲ್ಲಿ ಮಾತ್ರ ಅವರು ಇನ್ನೂ ತರುಣರು. ಎದುರಿನ ಕತ್ತಲೆಯಲ್ಲಿ ನಗುತ್ತಿರುವ ಸಭೆಯೂ ತರುಣವೇ. ಹಾಡನ್ನು ಮತ್ತೊಮ್ಮೆ ಹಾಡಬಹುದು. ಆ ರಾತ್ರಿ, ಆ ಸಭೆ ನಕ್ಕ ನಗೆಯನ್ನು ಮತ್ತೊಮ್ಮೆ ನಗಿಸಲಾಗದು, ಕೇಳಬಹುದಷ್ಟೆ.