ಗಿಟಾರಿನ ನಾದ ಕೆಡುವುದು ಎಲ್ಲಿ? ಧ್ವನಿವರ್ಧಕ ಕೊಳ್ಳುವ ಮುನ್ನ ಒಂದು ಪರಿಶೀಲನೆ

ಲೆಕ್ಕ ಪರಿಶೋಧಕನೊಬ್ಬನು ಗಿಟಾರಿನ ವಿಷಯವಾಗಿ ಲೇಖನ ಬರೆಯಲು ಹೊರಟಿರುವುದು ಈ ಪತ್ರಿಕೆಯ ಓದುಗರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಇದರ ಮೂಲ ಒಂದು ದರಪಟ್ಟಿ. ಕಲ್ಯಾಣ ಮಂಟಪವೊಂದರ ಮಾಲೀಕರಾದ ಹಿರಿಯ ಸದಸ್ಯರೊಬ್ಬರು ಅದನ್ನು ನನ್ನ ಮೇಜಿನ ಮೇಲಿರಿಸಿ, "ಇದಕ್ಕೆ ಬ್ಯಾಂಕಿನಲ್ಲಿ ಸಾಲ ತೆಗೆಯುವುದೋ, ಕೈಯಿಂದಲೇ ಹಾಕುವುದೋ, ನೀವೇ ಹೇಳಿ ಸ್ವಾಮಿ" ಎಂದರು. ಆರತಕ್ಷತೆಗೆ ಬರುವ ವಾದ್ಯಗೋಷ್ಠಿಯವರ ಗಿಟಾರು ತಗಡು ಬಡಿದಂತೆ ಕೇಳುತ್ತದೆ, ನಡುನಡುವೆ ಕೂಗು ಹಾಕುತ್ತದೆ, ಗಿರಾಕಿಗಳು ಆಕ್ಷೇಪಿಸುತ್ತಿದ್ದಾರೆ ಎಂಬುದು ಅವರ ದೂರು. ಈಗಿರುವ 500 ವ್ಯಾಟ್ ಆಂಪ್ಲಿಫೈಯರ್ ಸಾಲದು, 1000 ವ್ಯಾಟಿನದು ಬೇಕು ಎಂಬುದು ಸರಬರಾಜುದಾರರ ಸಲಹೆ.

ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಗ ನಾನೂ ನಾಲ್ಕು ವರ್ಷ ಗಿಟಾರು ನುಡಿಸಿದವನು. ಆದುದರಿಂದ ಸಾಲದ ವಿಚಾರವನ್ನು ಬದಿಗಿಟ್ಟು, ಮೊದಲು ಮಂಟಪವನ್ನೇ ನೋಡೋಣ ಎಂದೆ. ಅಲ್ಲಿ ಕಂಡದ್ದನ್ನೂ, ಅದರ ಹಿಂದಿನ ಶಾಸ್ತ್ರವನ್ನೂ ಸಭಾಂಗಣ, ಹೋಟೆಲು, ಶಾಲೆ ನಡೆಸುವ ಹಾಗೂ ವಾದ್ಯ ಸಾಮಗ್ರಿ ಮಾರುವ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ವ್ಯಾಟಿನ ಲೆಕ್ಕ. ನಮ್ಮ ಕಿವಿ ಧ್ವನಿಯನ್ನು ಅಳೆಯುವುದು ಕೂಡುವ ಕ್ರಮದಲ್ಲಿ ಅಲ್ಲ, ಗುಣಿಸುವ ಕ್ರಮದಲ್ಲಿ. ಶಕ್ತಿಯನ್ನು ಎರಡರಷ್ಟು ಮಾಡಿದರೆ ಧ್ವನಿಮಟ್ಟ ಏರುವುದು ಕೇವಲ 3 ಡೆಸಿಬೆಲ್; ಕೇಳುವವನಿಗೆ ಅದು "ಸ್ವಲ್ಪ ಜಾಸ್ತಿಯಾಯಿತು" ಎನ್ನುವಷ್ಟು ಮಾತ್ರ. ಸುಮಾರಾಗಿ ಎರಡು ಪಟ್ಟು ಜೋರೆಂದು ಅನ್ನಿಸಲು 10 ಡೆಸಿಬೆಲ್ ಏರಬೇಕು, ಅದಕ್ಕೆ ಶಕ್ತಿ ಹತ್ತು ಪಟ್ಟಾಗಬೇಕು. ಹೀಗಾಗಿ 500ರಿಂದ 1000 ವ್ಯಾಟಿಗೆ ಹೋಗುವುದೆಂದರೆ ದೊಡ್ಡ ಮೊತ್ತವನ್ನು ತೆತ್ತು 3 ಡೆಸಿಬೆಲನ್ನು ಕೊಂಡಂತೆ. ಅದಕ್ಕಿಂತ ಮುಖ್ಯವಾಗಿ, ಗಿರಾಕಿಗಳ ದೂರು ಸದ್ದು ಸಾಲದೆಂದು ಇರಲಿಲ್ಲ, ಸದ್ದು ಚೆನ್ನಾಗಿಲ್ಲವೆಂದು ಇತ್ತು. ದಿನಚರಿ ಪುಸ್ತಕದಲ್ಲಿ ತಪ್ಪಿದ ನಮೂದನ್ನು ಆಢಾವೆ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದರೆ ಅದು ಸರಿಯಾಗುವುದಿಲ್ಲವಷ್ಟೆ. ಆಂಪ್ಲಿಫೈಯರ್ ಎಂಬುದು ತನಗೆ ಬಂದದ್ದನ್ನು ದೊಡ್ಡದು ಮಾಡುವ ಯಂತ್ರ. ಬಂದದ್ದು ಯಾವುದೆಂದು ಅದಕ್ಕೆ ಗೊತ್ತಿರುವುದಿಲ್ಲ.

ಹಾಗಾದರೆ ಮೊದಲ ನಮೂದು ಆಗುವುದು ಎಲ್ಲಿ? ಗಿಟಾರಿನ ಒಡಲಿನ ಮೇಲೆ ತಂತಿಗಳು ಒರಗುವ ಸಣ್ಣ ಬಿಳಿಯ ಪಟ್ಟಿಯೊಂದಿದೆ, ಅದಕ್ಕೆ ಸ್ಯಾಡಲ್ ಎನ್ನುತ್ತಾರೆ. ವಿದ್ಯುತ್ ಸಂಪರ್ಕವಿರುವ ಬಹುತೇಕ ಅಕೌಸ್ಟಿಕ್ ಗಿಟಾರುಗಳಲ್ಲಿ ಈ ಪಟ್ಟಿಯ ಅಡಿಯಲ್ಲಿ ಪೀಜೋ ಎಂಬ ತೆಳುವಾದ ಸಾಧನವನ್ನು ಇರಿಸಲಾಗಿರುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯರ್ 1880ರಲ್ಲಿ ಕಂಡುಹಿಡಿದರು. ತಂತಿ ಕಂಪಿಸಿದಂತೆ ಪಟ್ಟಿಯ ಮೇಲಿನ ಒತ್ತಡ ಬದಲಾಗುತ್ತದೆ, ಒತ್ತಡದಂತೆಯೇ ವಿದ್ಯುತ್ತು ಏರಿಳಿಯುತ್ತದೆ. ಸಣ್ಣ ಉತ್ಪಾದಕರಿಗೆ ರುಚಿಸಬಹುದಾದ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಬಗೆಯ ಗಿಟಾರನ್ನು ವೇದಿಕೆಗಳಲ್ಲಿ ಜನಪ್ರಿಯಗೊಳಿಸಿದವುಗಳಲ್ಲಿ ಅಮೆರಿಕದ ಓವೇಶನ್ ಎಂಬ ಹೆಸರು ಪ್ರಮುಖವಾದುದು. ಅದನ್ನು 1960ರ ದಶಕದಲ್ಲಿ ಆರಂಭಿಸಿದ ಚಾರ್ಲ್ಸ್ ಕಾಮನ್ ಅವರ ಮೂಲ ಕಸುಬು ಹೆಲಿಕಾಪ್ಟರ್ ತಯಾರಿಕೆ. ಹೆಲಿಕಾಪ್ಟರಿನಲ್ಲಿ ಕಂಪನವನ್ನು ಅಡಗಿಸಲು ಕಲಿತವರು ಗಿಟಾರಿನಲ್ಲಿ ಅದನ್ನು ಅರಳಿಸಲು ಹೊರಟರು.

ಪೀಜೋ ಒಂದು ಒಳ್ಳೆಯ ಸಾಧನ, ಆದರೆ ಅತಿ ದುರ್ಬಲವಾದ ಸಾಧನ. ಅದರಿಂದ ಹೊರಡುವ ವಿದ್ಯುತ್ತು ಎಷ್ಟು ಸೂಕ್ಷ್ಮವೆಂದರೆ, ಮುಂದಿನ ಯಂತ್ರವು ಅದರಿಂದ ಏನನ್ನೂ ಸೆಳೆದುಕೊಳ್ಳದೆ ಕೇವಲ ನೋಡಬೇಕು. ಈ ಸೆಳೆತಕ್ಕೆ ಯಂತ್ರದ ಪ್ರವೇಶದ್ವಾರವು ಒಡ್ಡುವ ತಡೆಯನ್ನು ಇಂಪೀಡೆನ್ಸ್ ಎನ್ನುತ್ತಾರೆ, ಅದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ತಡೆ ಕಡಿಮೆಯಾದರೆ ಮೊದಲು ನಾಶವಾಗುವುದು ತಗ್ಗಿನ ಸ್ವರಗಳು. ಸ್ಯಾಡಲಿನ ಅಡಿಯ ಪೀಜೋ ಸಾಮಾನ್ಯವಾಗಿ ಸುಮಾರು 500 ಪಿಕೋಫ್ಯಾರಡ್‌ನ ಕೆಪಾಸಿಟರಿನಂತೆ ವರ್ತಿಸುತ್ತದೆ. ಇದನ್ನು 1 ಮೆಗಾಓಮ್ ತಡೆಯುಳ್ಳ ಪ್ರವೇಶಕ್ಕೆ ಜೋಡಿಸಿದರೆ ಸುಮಾರು 318 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ಕ್ರಮೇಣ ಕ್ಷೀಣಿಸತೊಡಗುತ್ತವೆ. ಗಿಟಾರಿನ ಆರು ತಂತಿಗಳ ಪೈಕಿ ಅತಿ ದಪ್ಪನೆಯದರ ಬಿಡಿಸ್ವರ ಸುಮಾರು 82 ಹರ್ಟ್ಸ್, ಅತಿ ತೆಳ್ಳನೆಯದರದ್ದು ಸುಮಾರು 330. ಅಂದರೆ ಐದು ತಂತಿಗಳ ಮೂಲಸ್ವರಗಳು ಈ ಗೆರೆಯ ಕೆಳಗೇ ಇವೆ. ತಡೆಯನ್ನು 10 ಮೆಗಾಓಮ್‌ಗೆ ಏರಿಸಿದರೆ ಗೆರೆ 32 ಹರ್ಟ್ಸ್‌ಗೆ ಇಳಿದು ಎಲ್ಲವೂ ಪಾರಾಗುತ್ತವೆ. ಅದೇ ತಂತಿಯನ್ನು ಮಿಕ್ಸರಿನ 10 ಕಿಲೋಓಮ್‌ನ ಸಾಮಾನ್ಯ ಲೈನ್ ಪ್ರವೇಶಕ್ಕೆ ಚುಚ್ಚಿದರೆ ಗೆರೆಯು 32,000 ಹರ್ಟ್ಸ್‌ಗೆ ಏರುತ್ತದೆ. ಮನುಷ್ಯನ ಕಿವಿಗೆ ಕೇಳುವುದೇ 20,000ದವರೆಗೆ. ಹೀಗಾಗಿ ಇಡೀ ಸಂಗೀತ ಕಡಿತಕ್ಕೊಳಗಾಗಿ, ತಗ್ಗಿನದು ಹೆಚ್ಚು ಕಡಿತವಾಗಿ, ಉಳಿಯುವುದು ತಗಡಿನ ಸದ್ದು. ಮಂಟಪದಲ್ಲಿ ಕೇಳಿಬರುತ್ತಿದ್ದುದು ಇದೇ.

ಗಿಟಾರಿನ ಪಕ್ಕದ ಹಲಗೆಯಲ್ಲಿ ಗುಂಡಿಗಳೂ ಬ್ಯಾಟರಿಯ ಗೂಡೂ ಇದ್ದರೆ, ಒಳಗೆ ಪ್ರಿಆಂಪ್ ಎಂಬ ಪುಟ್ಟ ವರ್ಧಕವಿದೆ ಎಂದರ್ಥ. ಪೀಜೋದ ನಾಜೂಕನ್ನು ಅದು ಅಲ್ಲಿಯೇ ನಿಭಾಯಿಸಿ, ಮುಂದಿನ ಯಾತ್ರೆಗೆ ಗಟ್ಟಿಮುಟ್ಟಾದ ವಿದ್ಯುತ್ತನ್ನು ಕಳುಹಿಸುತ್ತದೆ. ಇಂತಹ ಗಿಟಾರುಗಳಲ್ಲಿ ಮೇಲಿನ ತೊಂದರೆ ಇಲ್ಲ, ಆದರೆ ಬೇರೊಂದಿದೆ. 9 ವೋಲ್ಟ್ ಬ್ಯಾಟರಿ ಸೊರಗಿದಾಗ ಮೃದುವಾದ ನುಡಿತ ಸರಿಯಾಗಿಯೇ ಕೇಳುತ್ತದೆ. ಜೋರಾಗಿ ಮೀಟಿದೊಡನೆ ಅಲೆಯ ತುದಿಗಳು ಕತ್ತರಿಸಿಹೋಗಿ ಸದ್ದು ಒಡೆಯುತ್ತದೆ. ಎಲ್ಲರೂ ಸ್ಪೀಕರ್ ಹರಿದಿದೆ ಎಂದೇ ತಿಳಿಯುತ್ತಾರೆ. ಬಹುತೇಕ ಗಿಟಾರುಗಳಲ್ಲಿ ಬ್ಯಾಟರಿಯ ಸ್ವಿಚ್ಚು ಇರುವುದು ತಂತಿ ಚುಚ್ಚುವ ರಂಧ್ರದಲ್ಲಿಯೇ. ನುಡಿಸದಿದ್ದರೂ ತಂತಿಯನ್ನು ಚುಚ್ಚಿಟ್ಟರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಮಧ್ಯಾಹ್ನ ಪರೀಕ್ಷೆ ಮಾಡಿ ಹಾಗೆಯೇ ಬಿಟ್ಟು ಊಟಕ್ಕೆ ಹೋಗುವ ಕಲಾವಿದರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗಿಟಾರಿನಿಂದ ಮಿಕ್ಸರಿನವರೆಗಿನ ದಾರಿ ಎರಡನೆಯ ಘಟ್ಟ. ಸಾಮಾನ್ಯ ಗಿಟಾರು ತಂತಿಯಲ್ಲಿ ಒಂದೇ ಒಳತಂತಿ, ಅದರ ಸುತ್ತ ಒಂದು ಹೆಣೆದ ಹೊದಿಕೆ. ಐದಾರು ಮೀಟರಿನವರೆಗೆ ಇದು ತೊಂದರೆ ಕೊಡದು. ಮಂಟಪದ ಇನ್ನೊಂದು ತುದಿಯಲ್ಲಿ ಕುಳಿತ ಮಿಕ್ಸರಿನವರೆಗೆ ಎಳೆದರೆ ದಾರಿಯುದ್ದದ ದೀಪಾಲಂಕಾರದ ಗದ್ದಲವನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಇಲ್ಲಿ ನೆರವಿಗೆ ಬರುವುದು ಡಿಐ ಬಾಕ್ಸ್ ಎಂಬ, ಅಂಗೈಯಗಲದ ಪೆಟ್ಟಿಗೆ. ಅದು ಒಂದೇ ತಂತಿಯಲ್ಲಿ ಬಂದ ಸಂಕೇತವನ್ನು ಎರಡು ತಂತಿಗಳಿಗೆ ಹಂಚುತ್ತದೆ. ಒಂದರಲ್ಲಿ ಏರಿದಾಗ ಇನ್ನೊಂದರಲ್ಲಿ ಇಳಿಯುವಂತೆ. ಮಿಕ್ಸರು ಇವೆರಡರ ವ್ಯತ್ಯಾಸವನ್ನಷ್ಟೇ ಪರಿಗಣಿಸುತ್ತದೆ. ಹೊರಗಿನ ಗದ್ದಲವು ಎರಡೂ ತಂತಿಗಳಿಗೆ ಒಂದೇ ಪ್ರಮಾಣದಲ್ಲಿ ತಗಲುವುದರಿಂದ ವ್ಯತ್ಯಾಸ ತೆಗೆದಾಗ ಅದು ಅಳಿಸಿಹೋಗುತ್ತದೆ. ಖರ್ಚು ಜಮಾ ಎರಡೂ ಕಡೆ ಒಂದೇ ತಪ್ಪು ಮೊತ್ತ ಸೇರಿದರೆ ಶಿಲ್ಕು ಕೆಡುವುದಿಲ್ಲ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ!

ಡಿಐ ಬಾಕ್ಸಿನಲ್ಲಿ ಎರಡು ಜಾತಿ. ಪ್ಯಾಸಿವ್ ಎಂಬುದರೊಳಗೆ ಟ್ರಾನ್ಸ್‌ಫಾರ್ಮರ್ ಮಾತ್ರ ಇರುತ್ತದೆ. ಬ್ಯಾಟರಿಯುಳ್ಳ ಗಿಟಾರಿಗೆ ಅದು ಧಾರಾಳವಾಗಿ ಸಾಕು. ಆಕ್ಟಿವ್ ಎಂಬುದಕ್ಕೆ ಬ್ಯಾಟರಿಯಿಂದಲೋ ಮಿಕ್ಸರು ಕಳುಹಿಸುವ 48 ವೋಲ್ಟಿನಿಂದಲೋ ಶಕ್ತಿ ಬೇಕು. ಬ್ಯಾಟರಿ ಇಲ್ಲದ ಬರಿಯ ಪೀಜೋ ಗಿಟಾರಿಗೆ ಇದೇ ಬೇಕು. ಅದರಲ್ಲಿಯೂ ಪ್ರವೇಶದ ತಡೆ 10 ಮೆಗಾಓಮ್ ಎಂದು ಕೈಪಿಡಿಯಲ್ಲಿ ನಮೂದಾಗಿದೆಯೇ ಎಂದು ನೋಡಿ ಕೊಳ್ಳುವುದು ಕ್ಷೇಮ. ಅಂಗಡಿಯವರು ಎರಡನ್ನೂ "ಡಿಐ" ಎಂದೇ ಕರೆದು ಕೊಡುತ್ತಾರೆ. ಬಿಲ್ಲಿನಲ್ಲಿಯೂ ಹಾಗೆಯೇ ಬರೆಯುತ್ತಾರೆ. ಖರೀದಿ ಆದೇಶದಲ್ಲಿ ಜಾತಿಯನ್ನು ಸ್ಪಷ್ಟವಾಗಿ ಬರೆಯದಿದ್ದರೆ ಆಮೇಲೆ ವಾದಿಸಲು ಆಧಾರವಿರದು.

ಬಿಲ್ಲಿನ ಮಾತು ಬಂದುದರಿಂದ ಕಸುಬಿನ ಚಪಲಕ್ಕೆ ಒಂದು ವಾಕ್ಯ. ಸುಂಕದ ವರ್ಗೀಕರಣದಲ್ಲಿ ಗಿಟಾರು ಮೊದಲಾದ ತಂತಿವಾದ್ಯಗಳು 9202ರಲ್ಲಿವೆ. ವಿದ್ಯುತ್ತಿನಿಂದಲೇ ನಾದ ಹುಟ್ಟುವ ಅಥವಾ ವಿದ್ಯುತ್ತಿನಿಂದ ವರ್ಧಿಸಲೇಬೇಕಾದ ವಾದ್ಯಗಳು 9207ರಲ್ಲಿವೆ. ಆಂಪ್ಲಿಫೈಯರು, ಸ್ಪೀಕರುಗಳು 8518ರಲ್ಲಿ. "ವರ್ಧಿಸಲೇಬೇಕಾದ" ಎಂಬ ಪದವನ್ನು ಗಮನಿಸಬೇಕು. ವಿದ್ಯುತ್ತಿಲ್ಲದೆಯೂ ತಾನಾಗಿ ನುಡಿಯಬಲ್ಲ ಗಿಟಾರಿನೊಳಗೆ ಪೀಜೋ ಇದ್ದ ಮಾತ್ರಕ್ಕೆ ಅದನ್ನು ಎಲೆಕ್ಟ್ರಿಕ್ ಗಿಟಾರಿನೊಂದಿಗೆ ಸೇರಿಸಿ ಬಿಲ್ಲು ಹಾಕುವ ಮುನ್ನ ತಮ್ಮ ಸಲಹೆಗಾರರನ್ನು ಕೇಳುವುದು ಉಚಿತ.

ಇನ್ನು ಕೂಗಿನ ವಿಚಾರ. ಸ್ಪೀಕರಿನಿಂದ ಹೊರಟ ಸದ್ದು ಗಿಟಾರಿನ ಒಡಲನ್ನು ಕಂಪಿಸುತ್ತದೆ, ಆ ಕಂಪನವನ್ನು ಪೀಜೋ ಮತ್ತೆ ಸ್ಪೀಕರಿಗೆ ಕಳುಹಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿದಂತೆ ಕ್ಷಣಾರ್ಧದಲ್ಲಿ ಅದು ಊಳಾಗುತ್ತದೆ. ಎಲ್ಲ ಸ್ವರಗಳಲ್ಲಿಯೂ ಹೀಗಾಗುವುದಿಲ್ಲ. ದೊಡ್ಡ ಒಡಲಿನ ಗಿಟಾರಿನೊಳಗಿನ ಗಾಳಿ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿಯೂ, ಮೇಲ್ಹಲಗೆ ಸುಮಾರು 200ರ ಆಸುಪಾಸಿನಲ್ಲಿಯೂ ಸಹಜವಾಗಿ ಅನುರಣಿಸುತ್ತವೆ. ಕೂಗು ಏಳುವುದು ಹೆಚ್ಚಾಗಿ ಈ ಎರಡು ಎಡೆಗಳಲ್ಲಿ. ಆದ್ದರಿಂದ ಒಟ್ಟು ಧ್ವನಿಯನ್ನು ತಗ್ಗಿಸುವ ಬದಲು ಆ ಎರಡು ಎಡೆಗಳನ್ನಷ್ಟೇ ಕಿರಿದಾಗಿ ಕತ್ತರಿಸಬೇಕು. ಪ್ರಿಆಂಪಿನಲ್ಲಿ ನಾಚ್ ಎಂಬ ಗುಂಡಿಯಿದ್ದರೆ ಅದು ಇದಕ್ಕಾಗಿಯೇ ಇದೆ. ಗಿಟಾರಿನ ದುಂಡು ರಂಧ್ರಕ್ಕೆ ಹಾಕುವ ರಬ್ಬರ್ ಮುಚ್ಚಳವೂ ಗಾಳಿಯ ಅನುರಣನವನ್ನು ಅಡಗಿಸುತ್ತದೆ, ಅದರ ಬೆಲೆ ಅತ್ಯಲ್ಪ. ಸ್ಪೀಕರುಗಳು ಕಲಾವಿದನ ಬೆನ್ನ ಹಿಂದೆ ಇರಬಾರದು. ಅವನಿಗಿಂತ ಮುಂದೆ, ಸಭಿಕರ ಕಡೆಗೆ ಮುಖಮಾಡಿರಬೇಕು. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಹೊಸ ಆಂಪ್ಲಿಫೈಯರಿನಿಂದ ದೊರೆಯುವ 3 ಡೆಸಿಬೆಲಿನೊಂದಿಗೆ ಇದನ್ನು ಹೋಲಿಸಿ ನೋಡಿ. ಸ್ಪೀಕರನ್ನು ಸರಿಸುವುದಕ್ಕೆ ಇಬ್ಬರು ಹುಡುಗರ ಕೂಲಿ ಸಾಕು.

ಪೀಜೋ ತಂತಿಯ ಒತ್ತಡವನ್ನು ನೇರವಾಗಿ ಗ್ರಹಿಸುವುದರಿಂದ ಮೀಟಿನ ಪೆಟ್ಟು ಉತ್ಪ್ರೇಕ್ಷಿತವಾಗಿ ಕೇಳುತ್ತದೆ. 1,000ದಿಂದ 3,000 ಹರ್ಟ್ಸ್ ನಡುವೆ ಕೆಲವು ಡೆಸಿಬೆಲ್ ಇಳಿಸಿದರೆ ಮರದ ನಾದ ಮರಳಿ ಬರುತ್ತದೆ. ಮಿಕ್ಸರಿನ ಗೇನ್ ಗುಂಡಿಯನ್ನು ಕಲಾವಿದನು ಅತಿ ಜೋರಾಗಿ ಮೀಟುತ್ತಿರುವಾಗ ನಿಗದಿಗೊಳಿಸಬೇಕು, "ಚೆಕ್ ಚೆಕ್" ಎನ್ನುವಾಗ ಅಲ್ಲ. ಎಲೆಕ್ಟ್ರಿಕ್ ಗಿಟಾರಿನ ಆಂಪ್ಲಿಫೈಯರನ್ನು ಇದಕ್ಕೆ ಬಳಸಬಾರದು. ಅದರ ಸ್ಪೀಕರು ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಮಂಕಾಗುತ್ತದೆ.

ಕೊನೆಗೆ, ಮಂಟಪದಲ್ಲಿ ನನ್ನನ್ನು ನಿಜವಾಗಿಯೂ ಬೆಚ್ಚಿಬೀಳಿಸಿದ ಸಂಗತಿ. ವೇದಿಕೆಯ ಹಿಂದಿನ ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪನೆಯ ಪಿನ್ನು ಇರಲಿಲ್ಲ. ಕೇಳಿದಾಗ, "ಗುಂಯ್ ಅಂತಿತ್ತು ಸಾರ್, ಅದನ್ನು ತೆಗೆದ ಮೇಲೆ ನಿಂತಿತು" ಎಂದು ಹುಡುಗ ಹೆಮ್ಮೆಯಿಂದ ಹೇಳಿದ. ಗುಂಯ್‌ಗುಡುವಿಕೆಗೆ ಕಾರಣ ನಮ್ಮ 50 ಹರ್ಟ್ಸ್ ವಿದ್ಯುತ್ತು. ಮಿಕ್ಸರು ಒಂದು ಕಡೆಯಿಂದ, ವೇದಿಕೆಯ ಯಂತ್ರ ಇನ್ನೊಂದು ಕಡೆಯಿಂದ ಭೂಸಂಪರ್ಕ ಪಡೆದಾಗ, ಎರಡರ ನಡುವೆ ಸಂಕೇತದ ತಂತಿಯ ಹೊದಿಕೆಯ ಮೂಲಕ ಒಂದು ಸುತ್ತು ಏರ್ಪಟ್ಟು ಅದರಲ್ಲಿ ಅನಗತ್ಯ ಪ್ರವಾಹ ಹರಿಯುತ್ತದೆ. ದಪ್ಪ ಪಿನ್ನನ್ನು ಕಿತ್ತರೆ ಸುತ್ತು ಕಡಿಯುತ್ತದೆ, ಸದ್ದು ನಿಲ್ಲುತ್ತದೆ. ಅದರೊಂದಿಗೆ ಮನುಷ್ಯನಿಗಿದ್ದ ರಕ್ಷಣೆಯೂ ಹೋಗುತ್ತದೆ. ಯಂತ್ರದೊಳಗೆ ದೋಷವಾದ ದಿನ 230 ವೋಲ್ಟು ಗಿಟಾರಿನ ಲೋಹದ ಭಾಗಕ್ಕೆ ಬರುತ್ತದೆ, ಕಲಾವಿದನ ತುಟಿ ಭೂಸಂಪರ್ಕವಿರುವ ಮೈಕಿಗೆ ತಗಲಿರುತ್ತದೆ. 1972ರ ಮೇ ತಿಂಗಳಿನಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ಲಿ ಹಾರ್ವೆ ಎಂಬ ಗಿಟಾರು ವಾದಕರು ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಬಿಟ್ಟರು.

ಇದಕ್ಕೆ ಸರಿಯಾದ ಪರಿಹಾರ ಸುಲಭವಾದುದೇ. ವೇದಿಕೆ ಮತ್ತು ಮಿಕ್ಸರು ಎರಡಕ್ಕೂ ಒಂದೇ ಬೋರ್ಡಿನಿಂದ ವಿದ್ಯುತ್ ಒದಗಿಸಬೇಕು. ಆಗಲೂ ಸದ್ದು ಉಳಿದರೆ ಡಿಐ ಬಾಕ್ಸಿನ ಮೇಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ಚನ್ನು ಒತ್ತಬೇಕು. ಅದು ಕಡಿಯುವುದು ಸಂಕೇತದ ತಂತಿಯ ಹೊದಿಕೆಯನ್ನು ಮಾತ್ರ, ವಿದ್ಯುತ್ತಿನ ಭೂಸಂಪರ್ಕವನ್ನಲ್ಲ. ವೇದಿಕೆಯ ಮಾರ್ಗಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸಿಕೊಂಡಿರಬೇಕು. ಅವಘಡ ಸಂಭವಿಸಿದರೆ ಹೊಣೆ ಬಾಡಿಗೆ ಧ್ವನಿವರ್ಧಕದವನದು ಎಂದು ಸಭಾಂಗಣದ ಮಾಲೀಕರು ನಿಶ್ಚಿಂತರಾಗಿ ಕೂರುವಂತಿಲ್ಲ; ಬೋರ್ಡೂ ಭೂಸಂಪರ್ಕವೂ ಅವರದೇ.

ದರಪಟ್ಟಿಯಿಂದ 1000 ವ್ಯಾಟಿನ ಆಂಪ್ಲಿಫೈಯರನ್ನು ಹೊಡೆದುಹಾಕಿದೆವು. ಅದರ ಜಾಗದಲ್ಲಿ ಒಂದು ಆಕ್ಟಿವ್, ಒಂದು ಪ್ಯಾಸಿವ್ ಡಿಐ ಬಾಕ್ಸ್, ಎರಡು ಉದ್ದನೆಯ ಬ್ಯಾಲೆನ್ಸ್ಡ್ ತಂತಿಗಳು, ಒಂದು ಡಜನ್ 9 ವೋಲ್ಟ್ ಬ್ಯಾಟರಿ, ಎಲ್ಲ ಪ್ಲಗ್ಗುಗಳ ಬದಲಾವಣೆ ಹಾಗೂ ಭೂಸಂಪರ್ಕದ ಗುಂಡಿಯ ನವೀಕರಣ ಸೇರಿದವು. ಸಾಲದ ಪ್ರಮೇಯ ಬರಲಿಲ್ಲ. ಮುಂದಿನ ಆರತಕ್ಷತೆಯಲ್ಲಿ ನಾನು ಕೊನೆಯ ಸಾಲಿನಲ್ಲಿ ಕುಳಿತು ಕೇಳಿದೆ. ತಗಡಿನ ಸದ್ದೂ ಇರಲಿಲ್ಲ, ಕೂಗೂ ಇರಲಿಲ್ಲ. ಆದರೆ ನುಣ್ಣನೆಯ ಗ್ರಾನೈಟ್ ನೆಲ ಮತ್ತು ಬರಿಗೋಡೆಗಳಿಂದಾಗಿ ಪ್ರತಿಧ್ವನಿ ಮಾತ್ರ ಹಾಗೆಯೇ ಉಳಿದಿದೆ. ವೇದಿಕೆಯ ಎದುರು ಗೋಡೆಗೆ ದಪ್ಪನೆಯ ಪರದೆ ಹಾಕಿಸಲು ಮಾಲೀಕರು ಒಪ್ಪಿದ್ದಾರೆ, ಲಗ್ನದ ಸೀಸನ್ ಮುಗಿದ ಮೇಲೆ.