ಹಿತ್ತಲ ತರಕಾರಿ: ತಪ್ಪು ಬೀಜದ್ದೋ, ಸಗಣಿಯದ್ದೋ?



ಕಾಲುಬಾಯಿ ಜ್ವರದ ಲಸಿಕೆ ಹಾಕಲು ಅರಿಶಿನಕುಂಟೆಗೆ ಹೋಗಿದ್ದಾಗ ಸದಸ್ಯರೊಬ್ಬರ ಮನೆಯ ತಾಯಿ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದರು. "ಡಾಕ್ಟ್ರೇ, ಮೂರು ಸಲ ಟೊಮ್ಯಾಟೊ ಬೀಜ ಹಾಕಿದೆ. ಮೊಳೆತದ್ದೂ ಎರಡೇ ದಿನಕ್ಕೆ ಮಲಗಿಬಿಟ್ಟಿತು. ಅಂಗಡಿಯವನು ಹಳೇ ಬೀಜ ಕೊಟ್ಟು ಮೋಸ ಮಾಡಿದ" ಎಂದರು. ಪಾತಿಗೆ ಬೆರಳು ಹಾಕಿ ನೋಡಿದೆ. ಮಣ್ಣು ಬೆಚ್ಚಗಿತ್ತು, ಮೂಗಿಗೆ ಗಂಜಲದ ಘಾಟು ಬಡಿಯಿತು. ಕೊಟ್ಟಿಗೆಯಿಂದ ಬಾಚಿದ ಹಸಿ ಸಗಣಿಯನ್ನೇ ಅವರು ಬುಟ್ಟಿಗಟ್ಟಲೆ ಸುರಿದು ಮಣ್ಣಿಗೆ ಬೆರೆಸಿದ್ದರು. "ಅಮ್ಮ, ಬೀಜದವನನ್ನು ಬೈಯಬೇಡಿ, ಇದು ನಿಮ್ಮ ಹಸುವಿನ ಕೆಲಸ" ಎಂದಾಗ ಅವರು ನಂಬಲಿಲ್ಲ. ಹಸು ಸಾಕಿದವರ ಮನೆಯಲ್ಲಿ ಸಗಣಿಯಿಂದ ಗಿಡ ಸಾಯುತ್ತದೆಂದರೆ ಯಾರು ತಾನೇ ನಂಬುತ್ತಾರೆ? ನಾನೂ ಒಂದು ಕಾಲದಲ್ಲಿ ಹೀಗೆಯೇ ಒಂದು ಪಾತಿ ಬದನೆ ಸಸಿಯನ್ನು ಕಳೆದುಕೊಂಡವನೇ.

ತುಮಕೂರು ರಸ್ತೆಯ ಆಸುಪಾಸಿನಲ್ಲಿ ಹೊಲಗಳು ಸೈಟುಗಳಾಗಿ, ಗೋದಾಮುಗಳಾಗಿ ಅನೇಕರಿಗೆ ಮನೆಯ ಹಿತ್ತಲಷ್ಟೇ ಉಳಿದಿದೆ. ಹಾಲೆಲ್ಲ ಡೈರಿಗೆ ಹೋಗುತ್ತದೆ, ಸೊಪ್ಪು ತರಕಾರಿ ಸಂತೆಯಿಂದ ಬರುತ್ತದೆ. ಒಂದು ಸೀಮೆ ಹಸು ದಿನಕ್ಕೆ ಸುಮಾರು 15ರಿಂದ 20 ಕೆ.ಜಿ. ಸಗಣಿ ಹಾಕುತ್ತದೆ. ಇಷ್ಟು ಗೊಬ್ಬರ ಮನೆಯಲ್ಲೇ ಇದ್ದೂ ಕೊತ್ತಂಬರಿ ಸೊಪ್ಪನ್ನು ಕೊಂಡು ತರಬೇಕಾಗಿಲ್ಲ. ಆದರೆ ಕೊಟ್ಟಿಗೆಯಿಂದ ಹಿತ್ತಲಿಗೆ ಏನು ಹೋಗಬೇಕು, ಏನು ಹೋಗಬಾರದು ಎಂಬುದು ತಿಳಿದಿರಬೇಕು.

ಹಸಿ ಸಗಣಿ ಮಣ್ಣಿಗೆ ಸೇರಿದ ಮೇಲೆ ಅಲ್ಲಿಯೇ ಕೊಳೆಯಲು ತೊಡಗುತ್ತದೆ. ಆಗ ಕಾವು ಹುಟ್ಟುತ್ತದೆ, ಅಮೋನಿಯ ಅನಿಲ ಹೊರಬರುತ್ತದೆ. ಕೂದಲೆಳೆಯಂತಹ ಎಳೆ ಬೇರು ಅದರಲ್ಲಿ ಸುಟ್ಟುಹೋಗುತ್ತದೆ. ಸಗಣಿಯ ಜೊತೆ ಹುಲ್ಲಿನ ಕಡ್ಡಿ ಇದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನು ತಾವೇ ಬಳಸಿಕೊಳ್ಳುವುದರಿಂದ ಉಳಿದ ಸಸಿಯೂ ಹಳದಿಯಾಗುತ್ತದೆ. ಹಸು ಮೇಯ್ದ ಕಳೆಯ ಬೀಜ ಹೊಟ್ಟೆಯಲ್ಲಿ ಪೂರ್ತಿ ಸಾಯುವುದಿಲ್ಲ, ನಿಮ್ಮ ಪಾತಿಯಲ್ಲಿ ಹುಟ್ಟುತ್ತದೆ. ಗೊಣ್ಣೆಹುಳು, ಗೆದ್ದಲು ಸಹ ಅರೆ ಕೊಳೆತ ಗೊಬ್ಬರವನ್ನೇ ಹುಡುಕಿಕೊಂಡು ಬರುತ್ತವೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಕೊತ್ತಂಬರಿ, ಮೂಲಂಗಿಗಳನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆ. ಹಸಿ ಸಗಣಿಯಲ್ಲಿರುವ ರೋಗಾಣುಗಳು ಅವುಗಳ ಮೂಲಕ ಮಕ್ಕಳ ಹೊಟ್ಟೆ ಸೇರಿ ಭೇದಿ ತರಬಲ್ಲವು.

ಆದ್ದರಿಂದ ತಿಪ್ಪೆಯನ್ನು ಒಂದರ ಬದಲು ಎರಡು ಮಾಡಿಕೊಳ್ಳಿ. ಒಂದು ತುಂಬಿದ ಮೇಲೆ ಅದಕ್ಕೆ ಮಣ್ಣು ಮುಚ್ಚಿ, ಎರಡನೆಯದಕ್ಕೆ ಹಾಕಲು ಆರಂಭಿಸಿ. ಮುಚ್ಚಿದ್ದಕ್ಕೆ ಆಗಾಗ್ಗೆ ನೀರು ಚಿಮುಕಿಸಿ, ತಿಂಗಳಿಗೊಮ್ಮೆ ಮಗುಚಿ. ಒಳಗೆ ಕೈ ಇಡಲಾರದಷ್ಟು ಕಾವು ಬರಬೇಕು, ಬಂದು ಆರಬೇಕು. ನಾಲ್ಕರಿಂದ ಆರು ತಿಂಗಳಿಗೆ ಗೊಬ್ಬರ ಕಪ್ಪಾಗಿ, ಹುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಅನುಮಾನವಿದ್ದರೆ ಒಂದು ತೆಂಗಿನ ಕರಟದಲ್ಲಿ ಆ ಗೊಬ್ಬರ ತುಂಬಿ ಹತ್ತು ಸಾಸಿವೆ ಕಾಳು ಹಾಕಿ ನೋಡಿ. ಐದಾರು ದಿನದಲ್ಲಿ ಹಸಿರಾಗಿ ಎದ್ದು ನಿಂತರೆ ಗೊಬ್ಬರ ಮಾಗಿದೆ. ಮುರುಟಿದರೆ ಇನ್ನೂ ಕಾಯಿರಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗಕ್ಕೆ ಮಾಗಿದ ಗೊಬ್ಬರ ಸುಮಾರು 25 ಕೆ.ಜಿ. ಸಾಕು. ಗಂಜಲವನ್ನು ಕೊಡುವುದಾದರೆ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿ. ಕೊಟ್ಟಿಗೆಯ ಮೋರಿಯನ್ನು ನೇರವಾಗಿ ಸೊಪ್ಪಿನ ಪಾತಿಗೆ ತಿರುಗಿಸಿಬಿಡುವ ಪದ್ಧತಿಯನ್ನು ಮಾತ್ರ ಕೈಬಿಡಿ.

ಬೀಜದ ಮೇಲೆ ನಿಜವಾಗಿಯೂ ಸಂಶಯವಿದ್ದರೆ ಪರೀಕ್ಷೆ ಸುಲಭ. ಇಪ್ಪತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಟೊಮ್ಯಾಟೊ ಆರರಿಂದ ಎಂಟು ದಿನ, ಮೆಣಸಿನಕಾಯಿ ಎಂಟರಿಂದ ಹನ್ನೆರಡು ದಿನ ತೆಗೆದುಕೊಳ್ಳುತ್ತದೆ. ಹದಿನೈದಕ್ಕಿಂತ ಹೆಚ್ಚು ಮೊಳೆತರೆ ಬೀಜದ ತಪ್ಪಿಲ್ಲ. ಅರಿಶಿನಕುಂಟೆಯ ಆ ತಾಯಿ ಪೊಟ್ಟಣದಲ್ಲಿ ಉಳಿದಿದ್ದ ಬೀಜವನ್ನು ಹೀಗೆ ಮಾಡಿ ನೋಡಿದರು. ಹದಿನೇಳು ಮೊಳೆತವು.

ಟೊಮ್ಯಾಟೊ, ಬದನೆ, ಮೆಣಸಿನಕಾಯಿಗಳನ್ನು ಒಟ್ಲು ಪಾತಿಯಲ್ಲಿ ಬೆಳೆಸಿ ನಾಟಿ ಮಾಡಬೇಕು. ಪಾತಿ ನೆಲಕ್ಕಿಂತ ನಾಲ್ಕು ಬೆರಳು ಎತ್ತರವಿರಲಿ. ತಗ್ಗಿನ ಪಾತಿಯಲ್ಲಿ ನೀರು ನಿಂತು ಸಸಿಯ ಕತ್ತು ನೆಲಮಟ್ಟದಲ್ಲಿ ಕೊಳೆತು ಮಲಗಿಬಿಡುತ್ತದೆ. ಇದು ಬೂಷ್ಟಿನಿಂದ ಬರುವ ರೋಗ. ಗೀರು ಎಳೆದು ತೆಳುವಾಗಿ ಬೀಜ ಬಿಟ್ಟು, ಬೀಜದ ದಪ್ಪದ ಎರಡು ಮೂರರಷ್ಟು ಮಾತ್ರ ಮಣ್ಣು ಮುಚ್ಚಿ, ಮೇಲೆ ರಾಗಿ ಹುಲ್ಲು ಹರಡಿ. ಮೊಳಕೆ ಕಂಡ ದಿನವೇ ಹುಲ್ಲು ತೆಗೆಯಿರಿ; ಹಸುವಿಗೇ ಹಾಕಬಹುದು. ನೀರು ಬೆಳಿಗ್ಗೆ ಒಂದು ಹೊತ್ತು ಸಾಕು. ಟೊಮ್ಯಾಟೊ 25ರಿಂದ 30 ದಿನಕ್ಕೆ, ಮೆಣಸಿನಕಾಯಿ 35ರಿಂದ 45 ದಿನಕ್ಕೆ ನಾಟಿಗೆ ಬರುತ್ತದೆ. ನಾಟಿ ಸಂಜೆಯೇ ಮಾಡಿ. ಸೊಪ್ಪು, ಬೀನ್ಸ್, ಬೆಂಡೆ, ಹೀರೆ, ಸೋರೆಗಳನ್ನು ಇದ್ದಲ್ಲಿಯೇ ಬಿತ್ತುವುದು ನಿಮಗೆ ಗೊತ್ತೇ ಇದೆ. ದಂಟಿನ ಬೀಜವನ್ನು ಮರಳಿನೊಂದಿಗೆ ಬೆರೆಸಿ ಚೆಲ್ಲಿ, ಪಾತಿಯ ಸುತ್ತ ಬೂದಿ ಹಾಕಿ. ಇಲ್ಲದಿದ್ದರೆ ಇರುವೆಯ ಪಾಲು.

ಅವರೆಯ ವಿಷಯ ಬೇರೆ. ನಮ್ಮ ಕಡೆಯ ಹಳೆಯ ಅವರೆಯನ್ನು ನೀವು ಯಾವಾಗ ಬಿತ್ತಿದರೂ ಹಗಲು ಕಿರಿದಾಗುವವರೆಗೆ ಅದು ಹೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಬಿತ್ತಿ ಬರೀ ಬಳ್ಳಿ ಬೆಳೆಯಿತೆಂದು ಬೇಸರಪಟ್ಟವರಿದ್ದಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4, ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳಿಗೆ ಹಗಲಿನ ಲೆಕ್ಕವಿಲ್ಲ, ಬೇರೆ ಕಾಲದಲ್ಲೂ ಕಾಯಿ ಕೊಡುತ್ತವೆ. ಸೊಗಡು ಮಾತ್ರ ಹಳೆಯದಕ್ಕೇ ಹೆಚ್ಚೆಂದು ನನ್ನ ನಾಲಗೆ ಹೇಳುತ್ತದೆ. ಹೆಸರಘಟ್ಟ ನೆಲಮಂಗಲ ತಾಲ್ಲೂಕಿನವರಿಗೆ ದೂರವಲ್ಲ. ಹಳದಿ ನಂಜು ರೋಗ ತಡೆಯಲೆಂದು ರೂಪಿಸಿದ ಅರ್ಕಾ ಅನಾಮಿಕ ಬೆಂಡೆ, ಹಲವು ಸಲ ಕೊಯ್ಯಬಹುದಾದ ಅರ್ಕಾ ಸುಗುಣ ದಂಟು, ಅರ್ಕಾ ವಿಕಾಸ್ ಟೊಮ್ಯಾಟೊ ಎಲ್ಲವೂ ಅಲ್ಲಿಯ ತಳಿಗಳೇ.

ಇಂತಹ ತಳಿಗಳಿಂದ ನೀವೇ ಬೀಜ ಹಿಡಿಯಬಹುದು. ಪೊಟ್ಟಣದ ಮೇಲೆ ಹೈಬ್ರಿಡ್ ಅಥವಾ ಎಫ್-1 ಎಂದಿದ್ದರೆ ಬೇಡ, ಮುಂದಿನ ಪೀಳಿಗೆ ಒಂದೊಂದು ಗಿಡ ಒಂದೊಂದು ಬಗೆಯಾಗುತ್ತದೆ. ಒಳ್ಳೆಯ ಗಿಡದ ಪೂರ್ತಿ ಹಣ್ಣಾದ ಟೊಮ್ಯಾಟೊ ಹಿಚುಕಿ, ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿಡಿ. ಸೋರೆ, ಕುಂಬಳದ ಬೀಜವನ್ನು ಸಗಣಿಗೆ ಅದ್ದಿ ಗೋಡೆಗೆ ಬಡಿಯುತ್ತಿದ್ದ ಹಿರಿಯರು ದಡ್ಡರಲ್ಲ. ಒಣಗಿದ ಸಗಣಿಯೊಳಗೆ ಬೀಜಕ್ಕೆ ಹುಳು ಸುಲಭವಾಗಿ ತಾಗುವುದಿಲ್ಲ.

ಸೋರೆಯ ಬಗ್ಗೆ ಒಂದು ಎಚ್ಚರಿಕೆ. ಹೀಗೆ ಹಿಡಿದ ಬೀಜ ಕಾಡು ಸೋರೆಯೊಂದಿಗೆ ಬೆರಕೆಯಾಗಿದ್ದರೆ ಕಾಯಿ ಕಹಿಯಾಗಬಹುದು. ಪಕ್ಕದ ಹಾಗಲ ಬಳ್ಳಿಯಿಂದ ಕಹಿ ಬಂತು ಎನ್ನುವುದು ತಪ್ಪು ತಿಳಿವಳಿಕೆ. ತುಂಡೊಂದನ್ನು ನಾಲಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಉಗುಳಿ ಕಾಯನ್ನು ಎಸೆಯಿರಿ. ಕಹಿ ಸೋರೆಯ ರಸ ಕುಡಿದು ಜನ ಸತ್ತಿದ್ದಾರೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ಹಸುವಿಗೂ ಹಾಕಬೇಡಿ.

ಇನ್ನು ನನ್ನ ಕಸುಬಿನ ಕಡೆಯಿಂದ ಕೆಲವು ಮಾತು. ಅಂಗಡಿಯ ಬೀಜಕ್ಕೆ ಗುಲಾಬಿ, ಹಸಿರು ಅಥವಾ ನೀಲಿ ಬಣ್ಣವಿದ್ದರೆ ಅದು ಔಷಧಿ ಲೇಪಿಸಿದ ಬೀಜ. ಉಳಿದದ್ದನ್ನು ಬೂಸಾಕ್ಕೆ ಬೆರೆಸುವುದಾಗಲಿ, ಕೋಳಿಗೆ ಚೆಲ್ಲುವುದಾಗಲಿ ಕೂಡದು. ಹಸುವಿಗೆ ಉಣ್ಣೆಯ ಔಷಧಿ ಹಚ್ಚಿದ ದಿನ ಮೈ ತೊಳೆದ ನೀರು ಪಾತಿಗೆ ಹರಿಯಬಾರದು, ಆ ಡಬ್ಬಿಯಿಂದ ಗಿಡಕ್ಕೆ ನೀರು ಹಾಕಬಾರದು. ಹಸು ಕಂದು ಹಾಕಿದರೆ ಆ ಕರುವನ್ನೂ ಸತ್ತೆಯನ್ನೂ ತಿಪ್ಪೆಗೆ ಎಸೆಯುವುದನ್ನು ನಾನು ಈಗಲೂ ಕಾಣುತ್ತಿದ್ದೇನೆ. ಅದು ಬ್ರುಸೆಲ್ಲಾ ಆಗಿದ್ದರೆ ಗೊಬ್ಬರ ಎತ್ತುವವರಿಗೂ ಜ್ವರ ಅಂಟುತ್ತದೆ. ಬರಿಗೈಯಲ್ಲಿ ಮುಟ್ಟದೆ, ಹಿತ್ತಲಿನಿಂದ ಮತ್ತು ಬಾವಿಯಿಂದ ದೂರ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ, ಸಂಘದ ಮೂಲಕ ನಮಗೆ ತಿಳಿಸಿ.

ಹಿತ್ತಲಿನಿಂದ ಕೊಟ್ಟಿಗೆಗೆ ಬರುವುದರಲ್ಲೂ ಹದವಿದೆ. ಬೀನ್ಸ್ ಬಳ್ಳಿ, ಗೆಣಸಿನ ಬಳ್ಳಿ ಒಳ್ಳೆಯ ಮೇವು. ಪಾಲಕ್, ದಂಟನ್ನು ಹೊರೆಗಟ್ಟಲೆ ಹಾಕಿದರೆ ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಡುತ್ತದೆ. ಈಗ ತಾನೇ ಕರು ಹಾಕಿದ ಹಸುವಿಗಂತೂ ಬೇಡ. ಟೊಮ್ಯಾಟೊ ಗಿಡ, ಹಸಿರು ತಿರುಗಿದ ಆಲೂಗೆಡ್ಡೆ ಬೇಡವೇ ಬೇಡ. ಕೀಟನಾಶಕ ಹೊಡೆದ ಸೊಪ್ಪು ಹಸು ತಿಂದರೆ ಅದರ ಅಂಶ ಹಾಲಿನಲ್ಲಿ ಇಳಿಯಬಹುದು. ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯದೆ ನೀವೂ ತಿನ್ನಬೇಡಿ, ಅದಕ್ಕೂ ಹಾಕಬೇಡಿ. ಕೋಸಿನ ಎಲೆಯನ್ನು ಸ್ವಲ್ಪವೇ, ಹಾಲು ಕರೆದ ಮೇಲೆ ಹಾಕಿ. ಕರೆಯುವ ಮುಂಚೆ ಹಾಕಿದರೆ ಹಾಲಿಗೆ ಕೋಸಿನ ವಾಸನೆ ಬರುತ್ತದೆ, ಸಂಘದಲ್ಲಿ ಕ್ಯಾನು ಹಿಂದಕ್ಕೆ ಬಂದೀತು.